ಎರಡು ಬಾಗಿಲಿನ ಟಿ.ವಿ. ಮನೆ

ಬೆಳಗಿನ ಐದೂವರೆ. ಕ್ಲಾರಿ ಮಾರ್ಟನ್ ಏಣಿ ಹತ್ತಿ ಡಿಶ್ ಗುಡಿಸುತ್ತಿದ್ದಾರೆ. ಕೈಯಲ್ಲಿ ಮೋಟು ಪೊರಕೆ, ತಲೆಗೆ ಫುಟ್‌ಬಾಲ್ ತಂಡದ ಉಣ್ಣೆ ಟೋಪಿ, ಬಾಯಲ್ಲಿ ಬೈಗುಳ. ಬೈಗುಳ ನಾಯಿಗಳಿಗೆ. ರಾತ್ರಿಯೆಲ್ಲ ಟಿ.ವಿ. ಮನೆಯ ಮೆಟ್ಟಿಲ ಮೇಲೆ ಮಲಗಿದ್ದ ಏಳು ನಾಯಿಗಳು ಈಗ ಏಣಿಯ ಬುಡದಲ್ಲಿ ನಿಂತು, ಮೇಲಿಂದ ಉದುರುವ ಕೆಂಪು ಮಣ್ಣಿಗೆ ಸೀನುತ್ತ, ಅವರನ್ನೇ ನೋಡುತ್ತಿವೆ.

ಡಿಶ್ ಮೇಲೆ ಮಣ್ಣು ಕೂತರೆ ಚಿತ್ರಕ್ಕೆ ಏನೂ ಆಗುವುದಿಲ್ಲ ಎಂದು ಆಲಿಸ್ ಸ್ಪ್ರಿಂಗ್ಸ್‌ನಿಂದ ಬರುವ ರಿಪೇರಿಯವನು ಹತ್ತು ಸಲ ಹೇಳಿದ್ದಾನೆ. ಹತ್ತು ಸಲವೂ ಕ್ಲಾರಿ ಹೂಂ ಅಂದಿದ್ದಾರೆ. ಮರುದಿನ ಬೆಳಿಗ್ಗೆ ಮತ್ತೆ ಏಣಿ ಹತ್ತಿದ್ದಾರೆ.

"ಯಾಕೆ ಭಾವ, ಈ ಚಳೀಲಿ ಈ ಸರ್ಕಸ್ಸು?" ಎಂದು ಕೆಳಗಿನಿಂದ ಕೇಳಿದೆ.

"ಸೂಜಿ ಚುಚ್ಚೋಳಿಗೆ ಟಿ.ವಿ. ವಿಷ್ಯ ಏನ್ ಗೊತ್ತಾಗ್ತದೆ. ಏಣಿ ಹಿಡ್ಕೋ ಸುಮ್ನೆ," ಎಂದರು ಮೇಲಿನಿಂದ.

ನಾನು ಈ ಊರಿನ ಕ್ಲಿನಿಕ್ಕಿನ ನರ್ಸು. ಹಾಸನದ ಕಡೆಯವಳು, ಹಾಫ್‌ಮೂನ್ ಬೋರ್ ಎಂಬ ಮರಳುಗಾಡಿನ ಈ ಮೂಲನಿವಾಸಿಗಳ ಊರಿಗೆ ಬಂದು ಹದಿನಾರು ವರ್ಷವಾಯಿತು. ಬಂದ ಮೂರನೆಯ ವಾರ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದ ವಿನ್ನಿ ಅಜ್ಜಿ, ನಿಮ್ಮವ್ವ ಎಲ್ಲಿದ್ದಾಳೆ ಎಂದು ಕೇಳಿದರು. ಊರಲ್ಲಿ ಎಂದೆ. "ಅದು ದೂರ ಆಯ್ತು. ಇಲ್ಲಿಗೆ ನಾನೇ," ಎಂದು ಹೇಳಿ ಕೋಲೂರಿಕೊಂಡು ಹೋದರು. ಅಲ್ಲಿಗೆ ಮುಗಿಯಿತು. ಅವರ ಮಗಳು ನನಗೆ ಅಕ್ಕನಾದಳು, ಅಕ್ಕನ ಗಂಡ ಕ್ಲಾರಿ ಭಾವನಾದರು. ಭಾವ ನಾದಿನಿಯರ ಕೀಟಲೆ ಇಲ್ಲೂ ನಮ್ಮಲ್ಲಿನಂತೆಯೇ. ಒಂದು ದಿನ ಕೀಟಲೆ ನಿಂತರೆ, ಇವರಿಬ್ಬರಿಗೂ ಏನೋ ಮುನಿಸು ಎಂದು ಊರು ಮಾತಾಡುತ್ತದೆ.

ಎಲೆಮರೆಯ ಕಾಯಿಯೊಂದರ ಬಗ್ಗೆ ಬರೆದುಕೊಡಿ ಎಂದು ಈ ಪುರವಣಿಯವರು ಕೇಳಿದಾಗ ನನಗೆ ನಗು ಬಂತು. ಒಂದು ಕಾಯಿಯನ್ನು ಮರೆಮಾಡುವಷ್ಟು ಎಲೆ ಇಲ್ಲಿ ಯಾವ ಮರದಲ್ಲಿದೆ? ಆದರೂ ಕ್ಲಾರಿ ಭಾವ ಮರೆಯಲ್ಲೇ ಇದ್ದಾರೆ. ಮೂವತ್ತೆಂಟು ವರ್ಷದಿಂದ ಊರಿನವರ ಮುಖವನ್ನು ಊರಿಗೇ ತೋರಿಸುತ್ತ ಬಂದವರ ಮುಖ ಒಂದು ಸಲವೂ ಪರದೆಯ ಮೇಲೆ ಬಂದಿಲ್ಲ.

ಆರು ಗಂಟೆಗೆ ಸರಿಯಾಗಿ ಅವರು ಒಳಗೆ ಹೋಗಿ ಗುಂಡಿ ಒತ್ತುತ್ತಾರೆ. ಹಾಫ್‌ಮೂನ್ ಟಿ.ವಿ. ಶುರುವಾಗುತ್ತದೆ. ಅದರ ದನಿ ಮುಟ್ಟುವುದು ಹನ್ನೆರಡು ಕಿಲೋಮೀಟರ್. ಅಷ್ಟರೊಳಗೆ ಇರುವ ಮನೆ ಅರವತ್ತನಾಲ್ಕು, ಜನ ಮುನ್ನೂರಹತ್ತು. ಬೆಳಿಗ್ಗೆ ಮೂರು ತಾಸು, ಸಂಜೆ ನಾಲ್ಕು ತಾಸು ನಮ್ಮ ಕಾರ್ಯಕ್ರಮ; ಉಳಿದ ಹೊತ್ತು ಡಿಶ್‌ನಿಂದ ಇಳಿಯುವ ಹೊರಗಿನ ವಾಹಿನಿ. ಕಟ್ಟಡ ಹಿಂದೆ ಮಾಂಸ ಇಡುತ್ತಿದ್ದ ತಗಡಿನ ಕೋಣೆ. ಬೇಸಗೆಯಲ್ಲಿ ಈಗಲೂ ಗೋಡೆಯಿಂದ ಹಳೆಯ ಕೊಬ್ಬಿನ ವಾಸನೆ ಬರುತ್ತದೆ. ಕಪಾಟುಗಳಲ್ಲಿ ಎರಡು ಸಾವಿರದ ನೂರನಲವತ್ತು ಕ್ಯಾಸೆಟ್‌ಗಳಿವೆ: ಮದುವೆ, ಫುಟ್‌ಬಾಲ್, ಜಗಳ, ಪಂಚಾಯಿತಿ, ಮಳೆ ಬಂದ ಆರು ದಿನ.

ಬೆಳಗಿನ ಕಾರ್ಯಕ್ರಮಕ್ಕೆ ಈಗ ಮುಖವಿಲ್ಲ. ಒಂದು ಬಿಳಿ ಹಲಗೆ. ಅದರ ಮೇಲೆ ಭಾವ ದಪ್ಪಕ್ಷರದಲ್ಲಿ ಬರೆಯುತ್ತಾರೆ: ಟಪಾಲು ವಿಮಾನ ನಾಳೆ ಬರುತ್ತದೆ. ಉತ್ತರದ ರಸ್ತೆಯಲ್ಲಿ ಮರಳು, ಹೋಗಬೇಡಿ. ಸಕ್ಕರೆ ಕಾಯಿಲೆಯವರು ಕ್ಲಿನಿಕ್ಕಿಗೆ ಬನ್ನಿ, ಶಶಿ ಕೂಗಾಡುತ್ತಾಳೆ. ಶಶಿ ಅಂದರೆ ನಾನು. ಕ್ಯಾಮೆರಾವನ್ನು ಹಲಗೆಯ ಮುಂದೆ ನಿಲ್ಲಿಸಿ ಚಹಾ ಕಾಯಿಸಲು ಹೋಗುತ್ತಾರೆ. ಆರು ವರ್ಷದ ಹಿಂದಿನವರೆಗೆ ಆ ಜಾಗದಲ್ಲಿ ಅಕ್ಕ ಇರುತ್ತಿದ್ದಳು. ಅವಳು ತೀರಿಹೋಗಿ ನಾಲ್ಕು ವರ್ಷ. ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತೀರಿಹೋದವರ ಹೆಸರು ಹೇಳಬಾರದು, ಅವರ ಚಿತ್ರ ತೋರಿಸಬಾರದು, ಮನೆಯ ಹಿರಿಯರು ಸಾಕು ಅನ್ನುವವರೆಗೆ. ಅದೇ ಹೆಸರಿನ ಪುಟ್ಟ ಹುಡುಗಿಯೊಬ್ಬಳು ಇಲ್ಲಿನ ಶಾಲೆಯಲ್ಲಿದ್ದಾಳೆ. ನಾಲ್ಕು ವರ್ಷದಿಂದ ಅವಳನ್ನೂ 'ಹೆಸರಿಲ್ಲದವಳೇ' ಎಂದೇ ಕರೆಯುತ್ತೇವೆ.

ಹೊರಗಿನ ವಾಹಿನಿ ಈ ಮರಳುಗಾಡಿಗೆ ಬರುತ್ತದೆ ಎಂಬ ಸುದ್ದಿ ಹಬ್ಬಿದಾಗ ಭಾವನಿಗೆ ಇಪ್ಪತ್ತು ವರ್ಷ. ಬೇಡ ಅನ್ನಲು ಹಿರಿಯರಿಗೆ ಮನಸ್ಸಿರಲಿಲ್ಲ, ಫುಟ್‌ಬಾಲ್ ನೋಡುವ ಆಸೆ ಅವರಿಗೂ ಇತ್ತು. ಬರಲಿ, ಅದರ ಪಕ್ಕದಲ್ಲಿ ನಮ್ಮದೂ ಒಂದು ಇರಲಿ ಎಂದರಂತೆ.

"ದಿನಾ ಬೇರೆಯವ್ರ ಮಾತು ಕೇಳಿದ್ರೆ ಮಕ್ಕಳು ನಮ್ಮನ್ನ ಬೇರೆ ಭಾಷೇಲಿ ಬೈತಾರೆ ಅಂತ ಹಿರಿಯರಿಗೆ ಭಯ," ಎನ್ನುತ್ತಾರೆ ಭಾವ. "ಬೈಯೋದಾದ್ರೆ ನಮ್ಮ ಮಾತಲ್ಲೇ ಬೈಲಿ, ಅಷ್ಟೇ ನಮ್ಮ ಆಸೆ ಇದ್ದಿದ್ದು."

ಒಂದು ಹಳೆಯ ಕ್ಯಾಮೆರಾ, ಒಂದು ಕ್ಯಾಸೆಟ್ ಯಂತ್ರ, ಶಾಲೆಯ ಮೇಷ್ಟ್ರು ಎಲ್ಲಿಂದಲೋ ಬಿಡಿಭಾಗ ತಂದು ಬೆಸೆದ ಟ್ರಾನ್ಸ್‌ಮಿಟರ್. ಪರವಾನಗಿ ಗಿರವಾನಗಿ ಏನೂ ಇಲ್ಲ. ಎರಡು ವರ್ಷದ ಮೇಲೆ ಅಧಿಕಾರಿಯೊಬ್ಬ ವಿಚಾರಿಸಲು ಬಂದ. ಹಿರಿಯರು ಅವನನ್ನು ಕುರ್ಚಿಯಲ್ಲಿ ಕೂರಿಸಿ, ನಿನ್ನ ಅವ್ವ ಯಾರು, ಅವಳ ಅವ್ವ ಯಾರು ಎಂದು ಕೇಳಿ, ಕ್ಯಾಮೆರಾದಲ್ಲಿ ಹಿಡಿದು, ಅಂದು ಸಂಜೆಯೇ ಊರಿಗೆ ತೋರಿಸಿದರು. ತನ್ನನ್ನು ತಾನು ಟಿ.ವಿ.ಯಲ್ಲಿ ನೋಡಿಕೊಂಡ ಅಧಿಕಾರಿ ರಾತ್ರಿ ಉಳಿದು ಕಾಂಗರೂ ಬಾಲ ತಿಂದು ಹೋದ. ಆಮೇಲೆ ಕಾಗದಪತ್ರ ತಾನಾಗಿಯೇ ಬಂತು.

ಅಧಿಕಾರಿಯನ್ನು ಕೇಳಿದ ಆ ಪ್ರಶ್ನೆಯೇ ಹಾಫ್‌ಮೂನ್ ಟಿ.ವಿ.ಯ ಮೊಟ್ಟಮೊದಲ ಕಾರ್ಯಕ್ರಮವೂ ಆಗಿತ್ತು. ಊರಿನ ಪ್ರತಿಯೊಬ್ಬರೂ ಒಬ್ಬೊಬ್ಬರಾಗಿ ಬಂದು ಕುರ್ಚಿಯಲ್ಲಿ ಕೂತು, ತಾನು ಯಾರು, ಯಾರ ಮಗ, ಯಾರ ಸೊಸೆ ಎಂದು ಹೇಳಿ ಎದ್ದು ಹೋಗಬೇಕು. ಮೂರು ಸಂಜೆ ಹಿಡಿಯಿತು. ಎರಡನೆಯ ಸಂಜೆ ಮೇಷ್ಟ್ರು ಪಟ್ಟಣಕ್ಕೆ ಹೋಗಿದ್ದರಿಂದ ಕ್ಯಾಮೆರಾ ಭಾವನ ಕೈಗೆ ಬಂತು. ಮದುವೆಯಾಗಿ ಆಗ ನಾಲ್ಕು ತಿಂಗಳು. ಕಣ್ಣನ್ನು ಕ್ಯಾಮೆರಾಕ್ಕೆ ಅಂಟಿಸಿಕೊಂಡು ನಿಂತಿದ್ದಾರೆ. ಒಬ್ಬರು ಎದ್ದು ಹೋದರು, ಇನ್ನೊಬ್ಬರು ಬಂದು ಕೂತರು. ನೋಡಿದರೆ ಅತ್ತೆ, ವಿನ್ನಿ ಅಜ್ಜಿ.

ಅತ್ತೆ ಅಳಿಯ ಇಲ್ಲಿ ಎದುರುಬದುರು ಬರುವಂತಿಲ್ಲ. ಮಾತಿಲ್ಲ, ನೋಟವಿಲ್ಲ, ಹೆಸರು ಹೇಳುವಂತಿಲ್ಲ, ಒಂದು ಸೂರಿನ ಕೆಳಗೆ ಕೂರುವಂತಿಲ್ಲ. ಅಳಿಯ ಬಂದರೆ ಒಳಮನೆ ಸೇರುತ್ತಿದ್ದ, ಗಂಡನ ಹೆಸರನ್ನು ಸಾಯುವವರೆಗೂ ಬಾಯಿಗೆ ತರದ ಅಜ್ಜಿಯರ ಕೈಯಲ್ಲಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ದ್ವೇಷವಲ್ಲ ಅದು, ಮರ್ಯಾದೆ. ಭಾವ ಹೊಡೆದು ತಂದ ಕಾಂಗರೂವಿನ ಬಾಲ ಇವತ್ತಿಗೂ ಮೊದಲು ಅಜ್ಜಿಯ ಮನೆಗೇ ಹೋಗುತ್ತದೆ, ಬೇರೆಯವರ ಕೈಯಲ್ಲಿ.

"ದಾರೀಲಿ ಬಂದ್ರೇ ಪೊದೆ ಸೇರ್ಕೋಬೇಕಾದೋನು ನಾನು. ಅವತ್ತು ಆ ಕಡೆಯವ್ರು ನನ್ನ ಮೂಗಿನ ಮುಂದೆ ಬಂದು ಕೂತ್ಬಿಟ್ರು!" ಎಂದು ಭಾವ ಈಗಲೂ ಮುಖ ಮುಚ್ಚಿಕೊಳ್ಳುತ್ತಾರೆ. ಅವರ ಬಾಯಲ್ಲಿ ಅತ್ತೆ ಯಾವಾಗಲೂ 'ಆ ಕಡೆಯವ್ರು'.

ಇದ್ದದ್ದು ಒಂದೇ ಬಾಗಿಲು, ಅದು ಅಜ್ಜಿಯ ಬೆನ್ನ ಹಿಂದೆ. ಅಜ್ಜಿ ಕಿರುಚಿ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡರು. ಭಾವ ಕಿಟಕಿ ಹಾರಿ ಕಾಲಿಗೆ ಬುದ್ಧಿ ಹೇಳಿದರು. ಕ್ಯಾಮೆರಾ ಮಾತ್ರ ಓಡುತ್ತಲೇ ಇತ್ತು. ನಲವತ್ತು ನಿಮಿಷ ಇಡೀ ಊರು ಕಂಬಳಿ ಹೊದ್ದ ಒಂದು ಗುಡ್ಡೆಯನ್ನೂ ತೆರೆದ ಕಿಟಕಿಯನ್ನೂ ನೋಡಿತು. ಕೊನೆಕೊನೆಗೆ ಒಂದು ನಾಯಿ ಬಂದು ಗುಡ್ಡೆಯ ಪಕ್ಕದಲ್ಲಿ ಮಲಗಿತು. ಹೋಗಿ ನಿಲ್ಲಿಸೋಣವೆಂದರೆ ನಗುವಿನಲ್ಲಿ ಯಾರಿಗೂ ಮೇಲೇಳಲು ಆಗಲಿಲ್ಲವಂತೆ. ಆ ಕ್ಯಾಸೆಟ್ ಹಾಕು ಎಂದು ಇವತ್ತಿಗೂ ಕೇಳುವವರಿದ್ದಾರೆ. ಭಾವ ಹಾಕುವುದಿಲ್ಲ.

ಮರುವಾರವೇ ಹಿಂಗೋಡೆಯ ತಗಡು ಕೊಯ್ದು ಎರಡನೆಯ ಬಾಗಿಲು ಇಟ್ಟರು. ಅಂದಿನಿಂದ ಪದ್ಧತಿ ಬದಲಾಗಿಲ್ಲ. ಅಜ್ಜಿ ಬಂದು ಮುಂಬಾಗಿಲ ಪಕ್ಕದ ತಗಡಿಗೆ ಕೋಲಿನಿಂದ ಮೂರು ಸಲ ಬಡಿಯುತ್ತಾರೆ. ಭಾವ ಹಿಂಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಆಮೇಲೆ ಅಜ್ಜಿ ಒಳಗೆ ಬರುತ್ತಾರೆ. ಪ್ರತಿ ಬುಧವಾರ ಸಂಜೆ ಆರಕ್ಕೆ ಅಜ್ಜಿ ಮಕ್ಕಳಿಗೆ ಕತೆ ಹೇಳುವ ಕಾರ್ಯಕ್ರಮ, ನೇರಪ್ರಸಾರ. ಮೊದಲೆಲ್ಲ ಅದಕ್ಕೆ ಕ್ಯಾಮೆರಾ ಹಿಡಿಯುತ್ತಿದ್ದವಳು ಅಕ್ಕ. ಈಗ ಭಾವ ಕುರ್ಚಿಯ ಮೇಲೆ ಎರಡು ಹಿಟ್ಟಿನ ಡಬ್ಬ ಪೇರಿಸಿ, ಅಜ್ಜಿಯ ತಲೆ ಎಷ್ಟೆತ್ತರ ಬರಬಹುದೆಂದು ಅಂದಾಜು ಮಾಡಿ, ಮೇಲೊಂದು ಟೋಪಿ ಇಟ್ಟು, ಅದಕ್ಕೆ ಕ್ಯಾಮೆರಾ ಹೊಂದಿಸಿ, ಡಬ್ಬ ಇಳಿಸಿ ಹೊರಗೆ ಹೋಗುತ್ತಾರೆ. ಕತೆಯ ಹುರುಪಿನಲ್ಲಿ ಅಜ್ಜಿ ಪಕ್ಕಕ್ಕೆ ವಾಲಿದರೆ ಊರಿಗೆಲ್ಲ ಅರ್ಧ ಅಜ್ಜಿಯೇ ಕಾಣುವುದು.

ಊರಿನ ಅಚ್ಚುಮೆಚ್ಚಿನ ಕಾರ್ಯಕ್ರಮವನ್ನು ಇಷ್ಟು ವರ್ಷ ನಡೆಸಿದವರು ಅದನ್ನು ಒಂದು ದಿನವೂ ನೋಡಿಲ್ಲ. ಹಿಂದಿನ ಮರದ ಕೆಳಗೆ ಗೋಡೆಗೆ ಬೆನ್ನು ತಿರುಗಿಸಿ ಕೂತಿರುತ್ತಾರೆ. ದನಿ ಕೇಳಿಸುವುದಿಲ್ಲವೇ ಎಂದು ಒಮ್ಮೆ ಕೆಣಕಿದೆ. "ಗಾಳಿ ಸದ್ದು ಅಂದ್ಕೊತೀನಿ," ಎಂದರು.

ಅಕ್ಕನ ವಿಷಯ ಬರೆಯುವುದು ಕಷ್ಟ. ಅವಳು ನಗಿಸುತ್ತಿದ್ದಳು, ಅದನ್ನಾದರೂ ಹೇಳುತ್ತೇನೆ. ಬೆಳಿಗ್ಗೆ ಆರಕ್ಕೆ ಪರದೆಯ ಮೇಲೆ ಬಂದು ಸೋಮಾರಿಗಳನ್ನು ಬೈದು ಎಬ್ಬಿಸುತ್ತಿದ್ದಳು. ಯಾರ ಮನೆಯ ಕತ್ತೆ ಯಾರ ಅಂಗಳದಲ್ಲಿದೆ ಎಂಬುದರಿಂದ ಹಿಡಿದು ಪಟ್ಟಣದ ಆಸ್ಪತ್ರೆಯಲ್ಲಿರುವವರ ಆರೋಗ್ಯದವರೆಗೆ ಎಲ್ಲವೂ ಅವಳ ಬಾಯಲ್ಲೇ ಬರಬೇಕು. ಮಕ್ಕಳಾಗಲಿಲ್ಲ, ಊರಿನ ಮಕ್ಕಳು ಆ ಟಿ.ವಿ. ಕೋಣೆಯ ನೆಲದ ಮೇಲೆ ಬೆಳೆದರು. ಡಿಶ್ ಗುಡಿಸುವ ಹುಚ್ಚು ಮೂಲತಃ ಅವಳದು. ಮಣ್ಣು ಕೂತರೆ ಚಿತ್ರ ಮಂಕಾಗುತ್ತದೆ ಎಂದು ಅವಳ ವಾದ, ಇಲ್ಲ ಎಂದು ಭಾವನ ವಾದ. ಇಪ್ಪತ್ತು ವರ್ಷ ಆ ಜಗಳ ನಡೆಯಿತು. ಅಷ್ಟೂ ವರ್ಷ ಗುಡಿಸಿದವಳು ಅವಳೇ. ಪೊರಕೆ ಭಾವನ ಕೈಗೆ ಬಂದದ್ದು ಅವಳು ತೀರಿಹೋದ ಮೇಲೆ.

ಆಮೇಲೆ ಅವಳ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಮೂರು ಸಲ ರಕ್ತ ಶುದ್ಧಿಗೆ ಕೂರಬೇಕು. ಆ ಯಂತ್ರ ಇರುವುದು ಪಟ್ಟಣದಲ್ಲಿ, ಮುನ್ನೂರು ಕಿಲೋಮೀಟರ್ ದೂರ. ಎರಡು ವರ್ಷ ಅಲ್ಲಿನ ಹಾಸ್ಟೆಲಿನಲ್ಲಿದ್ದಳು. ಭಾವ ಟಿ.ವಿ. ಮನೆ ಮುಚ್ಚಿ ಜೊತೆಗೆ ಹೊರಟಾಗ ಬೈದು ವಾಪಸ್ಸು ಕಳಿಸಿದಳು. ಹದಿನೈದು ದಿನಕ್ಕೊಮ್ಮೆ ಬಂದು ಹೋಗು, ಸಾಕು ಎಂದಳು. ಹನ್ನೆರಡು ಕಿಲೋಮೀಟರ್ ಮುಟ್ಟುವ ಟಿ.ವಿ. ಅವಳಿದ್ದಲ್ಲಿಗೆ ಹೇಗೆ ತಾನೇ ಮುಟ್ಟೀತು?

ಅದಕ್ಕೆ ಭಾವ ಒಂದು ದಾರಿ ಕಂಡುಕೊಂಡರು. ವಾರಕ್ಕೊಂದು ಕ್ಯಾಸೆಟ್ ತುಂಬಿ ಟಪಾಲು ವಿಮಾನದಲ್ಲಿ ಕಳಿಸುವುದು. ಅದರಲ್ಲಿ ಕಾರ್ಯಕ್ರಮ ಇರುತ್ತಿರಲಿಲ್ಲ. ಊರು ಏಳುವುದು ಇರುತ್ತಿತ್ತು. ಬೆಳಕು ಹರಿಯುವುದು, ನಾಯಿಗಳು ಮೈಮುರಿಯುವುದು, ಕೆಟಲ್ ಕುದಿಯುವುದು, ಯಾರೋ ದಾರಿಯಲ್ಲಿ ಹೋಗುವುದು. ಅವಳ ಅವ್ವನನ್ನು ಅವರು ಹಿಡಿಯುವಂತಿರಲಿಲ್ಲ. ದೂರದಲ್ಲಿ ನಿಂತು ಅವ್ವನ ಒಲೆಯ ಹೊಗೆಯನ್ನು ಹಿಡಿದು ಕಳಿಸುತ್ತಿದ್ದರು.

ಅವಳು ತೀರಿಹೋದ ಮೇಲೆ ಬಟ್ಟೆಬರೆಯ ಜೊತೆಗೆ ಆ ಕ್ಯಾಸೆಟ್‌ಗಳೂ ವಾಪಸ್ಸು ಬಂದವು. ಕೊಟ್ಟ ಹಾಸ್ಟೆಲಿನ ಹೆಂಗಸು ಒಂದು ಮಾತು ಹೇಳಿದ್ದಳು. ಕೊನೆಯ ಕ್ಯಾಸೆಟ್ಟಿನಲ್ಲಿ ಜಾಗ ಉಳಿದಿತ್ತಂತೆ. ಅಲ್ಲಿ ನಿಮ್ಮಾಕೆ ನಿಮಗೆ ಏನೋ ಹೇಳಿದ್ದಾಳೆ, ಹಾಸ್ಟೆಲಿನ ಕ್ಯಾಮೆರಾ ತಂದು ನಾನೇ ಹಿಡಿದೆ ಎಂದಳಂತೆ.

ಅವಳ ಮುಖ, ಅವಳ ದನಿ ಇರುವ ಕ್ಯಾಸೆಟ್‌ಗಳು ಒಟ್ಟು ಅರವತ್ತೊಂದು. ಅವನ್ನೆಲ್ಲ ಟಿ.ವಿ. ಮನೆಗೆ ಹಿಂದಿನಿಂದ ತಾಗಿಕೊಂಡ ಪುಟ್ಟ ಕೋಣೆಯಲ್ಲಿಟ್ಟು, ಮೇಲಿನ ಹೆಸರಿಗೆ ಕಪ್ಪು ಪಟ್ಟಿ ಅಂಟಿಸಿ, ಬೀಗ ಹಾಕಿದವರು ಭಾವನೇ. ಹಾಕಿಸಿದವರು ವಿನ್ನಿ ಅಜ್ಜಿ. ತೆಗೆ ಎಂದು ಹೇಳಬೇಕಾದವರೂ ಅವರೇ. ಬೀಗದ ಕೈ ಮಾತ್ರ ಭಾವನ ಸೊಂಟದಲ್ಲಿದೆ. ನಾಲ್ಕು ವರ್ಷದಿಂದ ಅವರು ಆ ಬೀಗ ತೆಗೆದಿಲ್ಲ.

ಈಗಿನ ಸಂಕಟ ಬೇರೆ. ಈ ಕ್ಯಾಸೆಟ್ ಓಡಿಸುವ ಯಂತ್ರ ಊರಿನಲ್ಲಿ ಉಳಿದಿರುವುದು ಒಂದೇ, ಅದೂ ಸಾಯುತ್ತಿದೆ. ಹೋದ ತಿಂಗಳು ಎರಡು ಕ್ಯಾಸೆಟ್ ಜಗಿದು ಉಗುಳಿತು. ಭಾವ ದಿನಾ ಹತ್ತಿ ಸುತ್ತಿದ ಕಡ್ಡಿಯಿಂದ ಅದರ ಒಳಗನ್ನು ಒರೆಸುತ್ತಾರೆ. ನನ್ನ ಕ್ಲಿನಿಕ್ಕಿನ ಸ್ಪಿರಿಟ್ಟಿನಲ್ಲಿ ಅರ್ಧ ಆ ಯಂತ್ರಕ್ಕೇ ಹೋಗುತ್ತದೆ. ರಿಪೇರಿಯವನು ಬಿಚ್ಚಿ ನೋಡಿ, ಬಿಡಿಭಾಗ ಎಲ್ಲೂ ಇಲ್ಲ, ಇನ್ನು ಕೆಲವು ವಾರ ಎಂದು ಹೇಳಿ ಹೋದ. ಉಳಿದ ಕ್ಯಾಸೆಟ್‌ಗಳನ್ನು ಭಾವ ಹಗಲೂ ಸಂಜೆಯೂ ಕಂಪ್ಯೂಟರಿಗೆ ಇಳಿಸುತ್ತಿದ್ದಾರೆ. ಅಕ್ಕನವನ್ನು ಇಳಿಸಬೇಕಾದರೆ ಓಡಿಸಬೇಕು. ಓಡಿಸಿದರೆ ನೋಡಿದಂತೆ.

ಅಜ್ಜಿಗೆ ಹೇಳಿ ಕಳಿಸಿ, ನಾನೇ ಹೋಗಿ ಹೇಳುತ್ತೇನೆ, ನಾನೂ ಮಗಳಲ್ಲವೇ ಎಂದೆ. ಭಾವ ಕಡ್ಡಿ ಕೆಳಗಿಟ್ಟರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬೇಡ ಶಶಿ. ನಾಲ್ಕು ವರ್ಷ ಆದ್ರೂ ಆ ಕಡೆಯವ್ರ ಬಾಯಿಂದ ಮಾತು ಬಂದಿಲ್ಲ ಅಂದ್ರೆ ನೋವು ಇನ್ನೂ ಹಸಿ ಇದೆ ಅಂತ. ಅವಳು ಮೊದ್ಲು ಅವರ ಮಗಳು. ಆಮೇಲೆ ನನ್ನ ಹೆಂಡ್ತಿ."

"ಯಂತ್ರ ಹೋದ್ರೆ?"

"ಹೋದ್ರೆ ಹೋಯ್ತು," ಎಂದರು. ಮತ್ತೆ ಕಡ್ಡಿ ತೆಗೆದುಕೊಂಡರು.

ನನ್ನದು ಸುಮ್ಮನಿರುವ ಬಾಯಲ್ಲ. ಸೋಮವಾರ ಅಜ್ಜಿ ಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದಾಗ, ನಾನು ಏನನ್ನೂ ಕೇಳಲಿಲ್ಲ. ಸ್ಪಿರಿಟ್ ಬಾಟಲಿ ಅಲ್ಲಾಡಿಸಿ, ಟಿ.ವಿ. ಮನೆಯ ಯಂತ್ರವೇ ಎಲ್ಲ ಕುಡಿಯಿತು, ಅದಕ್ಕೂ ಕೊನೆಗಾಲ ಬಂದಿದೆಯಂತೆ ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ.

"ಅಲ್ಲಿರೋನು ಈಗ ಎಡಗಾಲು ಎಳೀತಾನೆ," ಎಂದರು ಅಜ್ಜಿ. ಅಳಿಯನ ಹೆಸರು ಅವರ ಬಾಯಲ್ಲೂ ಬರುವುದಿಲ್ಲ. "ಮಂಡಿಗೆ ಏನಾದ್ರೂ ಕೊಡು ಅವನಿಗೆ."

ಅಳ್ಳಕವಾಗಿದ್ದ ಪಟ್ಟಿಯನ್ನು ನಾನು ಬಿಗಿ ಮಾಡಿದೆ. ಮೂವತ್ತೆಂಟು ವರ್ಷದಲ್ಲಿ ಒಂದೇ ಒಂದು ಸಲ ಮುಖ ಕಂಡವನ ಮಂಡಿನೋವು ಇವರಿಗೆ ಹೇಗೆ ಗೊತ್ತು ಎಂದು ಕೇಳುವುದು ಪೆದ್ದುತನ. ಈ ಊರಿನ ಹಿರಿಯರು ಮಣ್ಣಿನ ಮೇಲಿನ ಹೆಜ್ಜೆ ನೋಡಿ, ಯಾರು, ಯಾವಾಗ, ಹೊಟ್ಟೆ ತುಂಬಿತ್ತೋ ಹಸಿದಿತ್ತೋ ಎಂದು ಹೇಳಬಲ್ಲರು.

"ದಿನಾ ಬೆಳಿಗ್ಗೆ ಅವನು ಒಳಗೆ ಚಹಾ ಕಾಯಿಸುವಾಗ ನಾನು ಆ ಹಿಂದಿನ ದಾರೀಲಿ ಸೌದೆಗೆ ಹೋಗ್ತೀನಿ," ಎಂದರು. "ಬೀಗದ ಬಾಗಿಲ ಮುಂದೆ ಅವನ ಹೆಜ್ಜೆ ಇರ್ತದೆ. ಗಾಳಿ ರಾತ್ರಿ ಅಳಿಸ್ತದೆ, ಬೆಳಿಗ್ಗೆ ಹೊಸದು ಇರ್ತದೆ. ಬರ್ತದೆ, ನಿಲ್ತದೆ. ಹಿಮ್ಮಡಿ ಆಳವಾಗಿ ಊರಿರ್ತದೆ, ಅಷ್ಟು ಹೊತ್ತು ನಿಲ್ತಾನೆ. ಆಮೇಲೆ ವಾಪಸ್ಸು. ನಾಲ್ಕು ವರ್ಷದಲ್ಲಿ ಒಂದು ದಿನಾನೂ ಹೊಸ್ತಿಲು ದಾಟಿಲ್ಲ."

"ಯಾರನ್ನೂ ಕೇಳೂ ಇಲ್ಲ ಅವ್ವ."

"ಕೇಳಿದ್ದಿದ್ರೆ ಕೊಡ್ತಿರ್ಲಿಲ್ಲ," ಎಂದರು ಅಜ್ಜಿ. ಪಕ್ಕದಲ್ಲಿದ್ದ ಕೋಲು ಎತ್ತಿಕೊಂಡು, "ನಂಗೂ ಹೆದರಿಕೆ. ಅವಳ ದನಿ ಕೇಳಿ ಬದುಕಿರ್ತೀನೋ ಇಲ್ವೋ," ಎಂದರು.

ಭಾವನಿಗೆ ಈ ಮಾತು ಮುಟ್ಟಿಸಲಿಲ್ಲ. ನನ್ನ ಬಾಯಿಗೂ ಒಂದೊಂದು ಸಲ ಬೀಗ ಬೀಳುತ್ತದೆ. ಈ ಲೇಖನವನ್ನು ಇಲ್ಲಿಗೇ ಮುಗಿಸಿ ಕಳಿಸುವವಳಿದ್ದೆ. ಕೊನೆಯ ಸಾಲೂ ಯೋಚಿಸಿಕೊಂಡಿದ್ದೆ. ಅಷ್ಟರಲ್ಲಿ ಬುಧವಾರ ಬಂತು.

ಆ ಸಂಜೆ ಅಜ್ಜಿಯನ್ನು ಕ್ಲಿನಿಕ್ಕಿನ ಜೀಪಿನಲ್ಲಿ ನಾನೇ ಕರೆತಂದೆ. ತಗಡಿಗೆ ಮೂರು ಏಟು ಬಿತ್ತು. ಹಿಂಬಾಗಿಲು ಮುಚ್ಚಿದ ಸದ್ದಾಯಿತು. ಒಳಗೆ ಹದಿನಾಲ್ಕು ಮಕ್ಕಳು ನೆಲದ ಮೇಲೆ ಕೂತಿದ್ದವು, ಮುಂದಿನ ಸಾಲಿನಲ್ಲಿ ಹೆಸರಿಲ್ಲದವಳು. ಅಜ್ಜಿ ಕುರ್ಚಿಯಲ್ಲಿ ಕೂತು, ಸೆರಗಿನಂತೆ ಕಂಬಳಿ ಹೊದ್ದು, ಎಂದಿನಂತೆ ಮಕ್ಕಳ ಕಡೆ ನೋಡದೆ ನೇರ ಕ್ಯಾಮೆರಾ ಕಡೆ ನೋಡಿದರು.

ನೀರಿನ ಗುಂಡಿಯ ವಿಷಯ ಹೇಳಿದರು. ತಾನು ಚಿಕ್ಕವಳಿದ್ದಾಗ ಬಂಡೆಯ ಸಂದಿಯಲ್ಲಿ ನೀರು ಕಂಡರೆ ಅವ್ವಂದಿರು ಕುಡಿದು, ಮೇಲೆ ಚಪ್ಪಟೆ ಕಲ್ಲು ಮುಚ್ಚಿ ಹೋಗುತ್ತಿದ್ದರು. ಬಿಸಿಲು ಕುಡಿಯಬಾರದು, ನಾಯಿ ನರಿ ಹೊಲಸು ಮಾಡಬಾರದು. ಒಮ್ಮೆ ಒಬ್ಬ ಮುದುಕಿ ಒಂದು ಸಿಹಿನೀರಿನ ಗುಂಡಿಗೆ ಕಲ್ಲು ಮುಚ್ಚಿ, ಅದರ ಮೇಲೆಯೇ ಕೂತುಬಿಟ್ಟಳು. ದಾರಿಹೋಕನೊಬ್ಬ ದಿನಾ ಬಂದು ದೂರ ನಿಂತು ಹೋಗುತ್ತಿದ್ದ. ನೀರು ಕೊಡು ಎಂದು ಬಾಯಿಬಿಟ್ಟು ಕೇಳಲಿಲ್ಲ. ಮುದುಕಿಗೂ ಬಾಯಾರಿತ್ತು, ಆದರೂ ಏಳಲಿಲ್ಲ.

"ಕಲ್ಲು ಮುಚ್ಚೋದು ನೀರು ಉಳೀಲಿ ಅಂತ," ಎಂದರು ಅಜ್ಜಿ. "ಜನ ಬಾಯಾರಿ ಸಾಯ್ಲಿ ಅಂತಲ್ಲ. ಆ ಮುದುಕಿ ಪೆದ್ದಿ. ನಾಲ್ಕು ವರ್ಷ ಕೂತಿದ್ಲು."

ಮಕ್ಕಳು ನಕ್ಕವು. ಅಜ್ಜಿ ನಗಲಿಲ್ಲ. ಕಂಬಳಿಯನ್ನು ತಲೆಯಿಂದ ಇಳಿಸಿದರು.

"ನನ್ನ ಮಗಳು ನೋರೀನ್," ಎಂದರು. "ನೋರೀನ್‌ದು ಏನೇನಿದೆಯೋ ತೆಗೀರಿ. ನೋಡ್ಲಿ ಎಲ್ರೂ. ಸಾಕು."

ನೋರೀನ್. ಈಗ ಬರೆಯಬಹುದು. ನನ್ನ ಅಕ್ಕನ ಹೆಸರು ನೋರೀನ್ ಮಾರ್ಟನ್.

ಹೊರಗೆ ಅಷ್ಟೂ ಮನೆಗಳ ಟಿ.ವಿ.ಯಲ್ಲಿ ಆ ಹೆಸರು ಒಟ್ಟಿಗೆ ಕೇಳಿತು. ಮುಂದಿನ ಸಾಲಿನ ಹುಡುಗಿ ಎದ್ದು ನಿಂತು ನನ್ನ ಕಡೆ ತಿರುಗಿ, "ಅದು ನಾನೂ ಅಲ್ವಾ?" ಎಂದು ಕೇಳಿದಳು. ಹೌದು ಕಣೇ, ನೀನೂ ನೋರೀನ್ ಎಂದೆ. ಎಲ್ಲೋ ಒಂದು ಮನೆಯಲ್ಲಿ ಹೆಂಗಸರು ಅಳಲು ಶುರುಮಾಡಿದ್ದು ಕೇಳಿಸಿತು. ನಾನು ಹಿಂಬಾಗಿಲಿನಿಂದ ಹೊರಗೆ ಹೋದೆ. ಭಾವ ಮರದ ಕೆಳಗೆ, ಗೋಡೆಗೆ ಬೆನ್ನು ತಿರುಗಿಸಿ ಕೂತಿದ್ದರು. ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡಿದ್ದರು.

"ಭಾವ, ಕೇಳಿಸ್ತಾ?" ಎಂದೆ.

"ಗಾಳಿ ಏನೋ ಹೇಳ್ದಂಗಾಯ್ತು," ಎಂದರು. ಅಳುತ್ತಿದ್ದರು.

ಗುರುವಾರ ಬೆಳಿಗ್ಗೆ ನಾನು ಏಣಿ ಹಿಡಿಯಲು ಹೋದಾಗ ಡಿಶ್ ಗುಡಿಸಿ ಆಗಿತ್ತು. ಭಾವ ಬೀಗಕ್ಕೆ ಎಣ್ಣೆ ಬಿಟ್ಟು ತಿರುಗಿಸುತ್ತಿದ್ದರು. ಕೈ ಸೋತಾಗ ನಾನು ತಿರುಗಿಸಿದೆ. ಆರು ಗಂಟೆಗೆ ಬಿಳಿ ಹಲಗೆಯ ಬದಲು ಅಕ್ಕ ಬಂದಳು, ಇಪ್ಪತ್ತು ವರ್ಷದ ಹಿಂದಿನ ಒಂದು ಬೆಳಿಗ್ಗೆ, ತಲೆಗೆ ಹಳದಿ ಬಟ್ಟೆ ಕಟ್ಟಿಕೊಂಡು. "ಏಳ್ರೋ, ಏಳ್ರೇ! ಸೂರ್ಯ ಏನು ನಿಮ್ಮಪ್ಪನ ಮನೆ ಆಳಾ, ಕಾಯ್ಕೊಂಡಿರೋಕೆ?" ಎಂದಳು. ಮೊದಲು ಊರೆಲ್ಲ ಅತ್ತಿತು. ಎಂದೋ ಯಾರದೋ ಅಂಗಳಕ್ಕೆ ನುಗ್ಗಿದ ಕತ್ತೆಯ ಸುದ್ದಿ ಬಂದಾಗ ಅಳುತ್ತಲೇ ನಗಲು ಶುರುಮಾಡಿತು. ಅಜ್ಜಿ ಅಂಗಳಕ್ಕೆ ಟಿ.ವಿ. ತರಿಸಿಕೊಂಡು, ಪರದೆಯ ಮೇಲೆ ಅಂಗೈ ಇಟ್ಟು ಕೂತಿದ್ದರೆಂದು ಆಮೇಲೆ ಕೇಳಿದೆ. ಬದುಕಿದ್ದಾರೆ. ಮಧ್ಯಾಹ್ನ ಪಟ್ಟಿ ಬದಲಾಯಿಸಿಕೊಳ್ಳಲು ಬಂದು, ಕಟ್ಟಿದ್ದು ಬಿಗಿಯಾಯಿತೆಂದು ನನ್ನನ್ನು ಬೈದರು.

ಯಂತ್ರ ಇನ್ನೂ ಓಡುತ್ತಿದೆ. ಎಷ್ಟು ದಿನವೋ ಗೊತ್ತಿಲ್ಲ. ಇದನ್ನು ಬರೆಯುವ ಹೊತ್ತಿಗೆ ಅರವತ್ತೊಂದರಲ್ಲಿ ಹತ್ತೊಂಬತ್ತು ಇಳಿದಿವೆ. ಎಲ್ಲಕ್ಕಿಂತ ಮೊದಲು ಇಳಿದದ್ದು ಹಾಸ್ಟೆಲಿನಿಂದ ಬಂದ ಆ ಕೊನೆಯ ಕ್ಯಾಸೆಟ್. ಅದು ಊರಿಗೆ ಹೋಗಲಿಲ್ಲ. ಬೆಳಗಿನ ಪ್ರಸಾರ ಮುಗಿಸಿ, ಎರಡೂ ಬಾಗಿಲು ಹಾಕಿ, ನೀನೂ ಇರು ಎಂದರು ಭಾವ.

ಪರದೆಯ ಮೇಲೆ ಗೆರೆಗಳು ಓಡಿದವು. ಯಂತ್ರ ಒಮ್ಮೆ ಕಿರುಗುಟ್ಟಿತು. ಆಮೇಲೆ ಬೆಳಗಾಗುವ ನಮ್ಮ ಊರು ಬಂತು, ನಾಯಿಗಳು, ಟಿ.ವಿ. ಮನೆ, ದೂರದ ಹೊಗೆ. ಅದು ಮುಗಿದು ಹಾಸ್ಟೆಲಿನ ಹಸಿರು ಗೋಡೆ. ಅಕ್ಕ ಸೊರಗಿದ್ದಳು. ಕಣ್ಣು ಮಾತ್ರ ಅದೇ.

"ಕ್ಲಾರಿ," ಎಂದಳು. "ಹೊಗೆ ನೋಡ್ದೆ. ಅವ್ವ ಹಸಿ ಸೌದೆ ಹಾಕ್ತಿದ್ದಾಳೆ, ಯಾರ ಕೈಲಾದ್ರೂ ಒಣಗಿದ್ದು ಕಳ್ಸು. ಇನ್ನೊಂದು, ಡಿಶ್ ಮೇಲೆ ಅಷ್ಟು ಮಣ್ಣು ಕೂತಿದೆಯಲ್ಲೋ, ಇಲ್ಲಿಂದ್ಲೇ ಕಾಣ್ತದೆ. ಜನ ಟಿ.ವಿ. ಹೆಂಗೆ ನೋಡ್ಬೇಕು? ನಾನು ಬರೋದ್ರೊಳಗೆ ಗುಡ್ಸಿರು."

ಅಷ್ಟೇ ಇದ್ದದ್ದು. ಮತ್ತೆ ಗೆರೆಗಳು ಬಂದವು. ಭಾವ ಯಂತ್ರ ನಿಲ್ಲಿಸಲಿಲ್ಲ. ಖಾಲಿ ಪರದೆಯ ಮುಂದೆ ಎದ್ದು ನಿಂತು, ಪೊರಕೆ ಹಿಡಿದು ಒರಟಾದ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡರು.

"ದಿನಾ ಗುಡಿಸಿದ್ದೀನಿ," ಎಂದರು. "ಒಂದು ದಿನಾನೂ ಬಿಟ್ಟಿಲ್ಲ. ಹೇಳು ಶಶಿ ಅವಳಿಗೆ, ನೀನೇ ನೋಡಿದ್ದೀಯಲ್ಲ."